ಹತ್ತೊಂಬತ್ತನೆಯ ಪುಟದ ಬಾರ್ಡರು

ನಡುವಿನ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೂ ನಮ್ಮ ಪ್ರಕಾಶನದ ಚಿಕ್ಕ ಯಜಮಾನರೂ ಆದವರೇ, ಅವರ ಪಕ್ಕದಲ್ಲಿ ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮುಖ್ಯ ಅತಿಥಿಗಳೂ ಚಿತ್ರ ನಿರ್ಮಾಪಕರೂ ಆದವರೇ, ಹಿಂದಿನ ಸಾಲಿನಲ್ಲಿರುವ ನನ್ನ ಹಳೆಯ ಅಚ್ಚುಮನೆಯ ಸಂಗಾತಿಗಳೇ, ಇಷ್ಟು ಹೊತ್ತು ತಾಳ್ಮೆ ಕೆಡದೆ ಕುಳಿತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಏನು ಹೇಳಬೇಕೆಂದು ಒಂದು ಹಾಳೆಯನ್ನೂ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ಅದರಲ್ಲಿ ನಾಲ್ಕು ತಪ್ಪುಗಳಿದ್ದವು, ತಿದ್ದಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಅದನ್ನು ಓದುವುದಿಲ್ಲ. ನಲವತ್ತೊಂದು ವರ್ಷ ಬೇರೆಯವರ ಮಾತನ್ನೇ ಜೋಡಿಸಿದವನು ನಾನು. ಇವತ್ತೊಂದು ದಿನ ನನ್ನ ಮಾತು ನಾನೇ ಆಡುತ್ತೇನೆ. ಹೊತ್ತು ಮೀರಿದರೆ ಚಿಕ್ಕ ಯಜಮಾನರು ಚೀಟಿ ಕಳಿಸಬಹುದು. ಅದರಲ್ಲೂ ತಪ್ಪಿದ್ದರೆ ತಿದ್ದಿ ವಾಪಸು ಕಳಿಸುತ್ತೇನೆ.

ನಾವು ಇಲ್ಲಿ ಸೇರಿರುವುದು ಯಾಕೆ? ‘ಉಪ್ಪಿನ ಅರಮನೆ’ ಕಾದಂಬರಿಗೆ ಐವತ್ತು ವರ್ಷ ತುಂಬಿತು, ಅದೀಗ ಸಿನಿಮಾ ಆಗುತ್ತಿದೆ, ಅದರ ಮೊದಲ ಮುದ್ರಣಕ್ಕೆ ಅಚ್ಚಿನ ಮೊಳೆ ಜೋಡಿಸಿದ ಫೋರ್ಮನ್ ಇನ್ನೂ ಬದುಕಿದ್ದಾನೆ, ಅವನಿಗೊಂದು ಸನ್ಮಾನ. ಬಹಳ ಸಂತೋಷ. ಆ ಕಾದಂಬರಿ ಬರೆದವರನ್ನು ನಾವು ಅಚ್ಚುಮನೆಯವರು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಸಂಜೆ ಪುಟ್ಟ ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ನೇರ ನಮ್ಮಲ್ಲಿಗೆ ಬರುತ್ತಿದ್ದರು. ಮಗಳನ್ನು ಕಾಗದದ ಕಟ್ಟುಗಳ ಮೇಲೆ ಕೂರಿಸಿ, ನನ್ನ ಪಕ್ಕದಲ್ಲೇ ನಿಂತು ಬರೆಯುತ್ತಿದ್ದರು. ಅವರೊಂದು ಹಾಳೆ ಮುಗಿಸುವಷ್ಟರಲ್ಲಿ ನಾನು ಹಿಂದಿನ ಹಾಳೆ ಜೋಡಿಸಿ ಮುಗಿಸಿ, “ಆಮೇಲೇನಾಯ್ತು ಮೇಷ್ಟ್ರೇ?” ಎನ್ನುತ್ತಿದ್ದೆ. “ತಡ್ಕೊಳ್ಳಯ್ಯಾ, ಅವಳಿನ್ನೂ ಮೆಟ್ಟಿಲು ಇಳೀತಿದಾಳೆ” ಎನ್ನುತ್ತಿದ್ದರು. ನನ್ನಷ್ಟು ಅದೃಷ್ಟವಂತ ಓದುಗ ಬೇರೆ ಯಾರಿದ್ದಾರೆ ಹೇಳಿ.

ಆ ಮಗಳ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಕಾದಂಬರಿಯ ಹುಡುಗಿಯದೂ ಹಾಗೆಯೇ. ಓದಿದವರಿಗೆಲ್ಲ ಗೊತ್ತು, ಓದದೆ ಬಂದ ಗಣ್ಯರಿಗಾಗಿ ಹೇಳುತ್ತಿದ್ದೇನೆ. ಕಡಲ ಕೆಳಗಿನ ಅರಮನೆಯ ಕಾವಲುಗಾರರು ಕುರುಡರು. ಸಮನಾಗಿ ಬೀಳುವ ಹೆಜ್ಜೆ ಕೇಳಿದರೆ ಮನುಷ್ಯ ಬಂದನೆಂದು ತಿಳಿದು ಹಿಡಿದುಬಿಡುತ್ತಾರೆ. ಸೈನಿಕರು ಹೋಗಿ ಸಿಕ್ಕಿಬಿದ್ದರು, ರಾಜಕುಮಾರರು ಹೋಗಿ ಸಿಕ್ಕಿಬಿದ್ದರು. ಈ ಹುಡುಗಿಯ ಹೆಜ್ಜೆ ಒಂದು ಭಾರ, ಒಂದು ಹಗುರ. ಅಂಥ ಸದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ. ಏನೋ ಅಲೆ ಬಡಿಯುತ್ತಿದೆ ಅಂದುಕೊಂಡು ಸುಮ್ಮನಿದ್ದರು. ಅವಳು ಒಳಗೆ ಹೋದಳು. ಇಡೀ ಕಥೆ ನಿಂತಿರುವುದು ಆ ಕಾಲಿನ ಮೇಲೆ.

ನಿರ್ಮಾಪಕರೇ, ನಿಮ್ಮ ಸಿನಿಮಾದಲ್ಲಿ ಏನಾಗುತ್ತದೆ? ನೀವೇ ಈಗ ಹೇಳಿದಿರಿ. ಮೊದಲ ಹಾಡಿನಲ್ಲೇ ಕಾಲು ಸರಿಹೋಗುತ್ತದೆ. ಅವಳು ಮುಂದೆ ಕುಣಿಯಬೇಕಲ್ಲ. ಹಾಗಾದರೆ ಕಾವಲುಗಾರರನ್ನು ದಾಟುವುದು ಹೇಗೆ? ನಾಯಕ ಬಂದು ನಲವತ್ತು ಜನ ಕುರುಡರಿಗೆ ಹೊಡೆಯುತ್ತಾನೆ. ಇದಕ್ಕೆ ಚಪ್ಪಾಳೆ ಬೇರೆ ಬಿತ್ತು. ಕುರುಡರಿಗೆ ಹೊಡೆಯುವುದರಲ್ಲಿ ಅದೇನು ಶೌರ್ಯವೋ ನನಗಂತೂ ಅರ್ಥವಾಗಲಿಲ್ಲ.

ನೀವು ಮೊದಲು ಹೋದದ್ದು ಮೇಷ್ಟ್ರ ಮಗಳ ಹತ್ತಿರವೇ. ಅಪ್ಪ ಪಾಠ ಮಾಡಿದ ಶಾಲೆಯಲ್ಲೇ ಈಗ ಅವಳೂ ಗಣಿತ ಹೇಳಿಕೊಡುತ್ತಾಳೆ. “ಕಾಲೊಂದನ್ನ ಬಿಟ್ಟು ಬೇರೆ ಏನ್ ಬೇಕಾದ್ರೂ ಬದಲಾಯಿಸ್ಕೊಳ್ಳಿ” ಅಂದಳು. ಇದಕ್ಕಿಂತ ಕಡಿಮೆ ಏನು ಕೇಳಬೇಕಿತ್ತು ಅವಳು? ನೀವು ಒಪ್ಪಲಿಲ್ಲ, ಅವಳು ಸಹಿ ಹಾಕಲಿಲ್ಲ. ಆಮೇಲೆ ನೀವು ನಮ್ಮ ಪ್ರಕಾಶನಕ್ಕೆ ಬಂದಿರಿ. ಬಂದ ಹದಿನೈದೇ ದಿನಕ್ಕೆ ಬೀರುವಿನಿಂದ ಒಂದು ಒಪ್ಪಂದ ಸಿಕ್ಕಿತು. ಸಿನಿಮಾ ಮಾಡುವ ಹಕ್ಕನ್ನೆಲ್ಲ ಮೇಷ್ಟ್ರು ತೀರಿಕೊಳ್ಳುವ ಎರಡು ವರ್ಷ ಮೊದಲೇ ಪ್ರಕಾಶನಕ್ಕೆ ಬರೆದುಕೊಟ್ಟಿದ್ದರಂತೆ. ಮೇಷ್ಟ್ರ ಸಹಿ, ಅಧ್ಯಕ್ಷರ ತಂದೆ ದೊಡ್ಡ ಯಜಮಾನರ ಸಹಿ, ಕೆಳಗೆ ಸಾಕ್ಷಿಯ ಸಹಿ. ಸಾಕ್ಷಿ ಯಾರು? ನಿಮ್ಮ ಮುಂದೆ ನಿಂತಿದ್ದಾನಲ್ಲ, ಇವನೇ.

ಮಗಳು ಕೋರ್ಟಿಗೆ ಹೋದಳು. ಹೋಗುವ ಮೊದಲು ನನ್ನ ಮನೆಗೆ ಬಂದಳು. ಮೂರು ಮಹಡಿ ಹತ್ತಿ ಬಂದಳು, ನಮ್ಮಲ್ಲಿ ಲಿಫ್ಟ್ ಇಲ್ಲ. ಮಸುಕಾದ ಜೆರಾಕ್ಸ್ ಮುಂದಿಟ್ಟು, “ಮಾಮ, ಅಪ್ಪ ಸಹಿ ಹಾಕೋವಾಗ ನೀವು ಕಣ್ಣಾರೆ ನೋಡಿದ್ರಾ?” ಎಂದು ಕೇಳಿದಳು. ನಾನು ಕೆಳಗಿನ ಸಹಿಯನ್ನಷ್ಟೇ ನೋಡಿದೆ. ನನ್ನದೇ, ಅನುಮಾನವಿಲ್ಲ. “ನೋಡಿದೆ ಮಗಳೇ. ನನ್ನ ಸಹಿ ಇದೆಯಲ್ಲ” ಅಂದೆ.

ನೋಡಿರಲಿಲ್ಲ. ಸಭಿಕರೇ, ಮೇಷ್ಟ್ರದ್ದಿರಲಿ, ಒಬ್ಬೇ ಒಬ್ಬ ಬರಹಗಾರ ಸಹಿ ಹಾಕುವುದನ್ನೂ ನಾನು ನೋಡಿಲ್ಲ. ನಮ್ಮಲ್ಲಿ ನಡೆಯುತ್ತಿದ್ದ ಪದ್ಧತಿಯೇ ಬೇರೆ. ವರ್ಷದ ಮೊದಲ ವಾರ ಆಫೀಸಿನಿಂದ ಖಾಲಿ ಒಪ್ಪಂದದ ಫಾರಂಗಳ ಕಟ್ಟು ಬರುತ್ತಿತ್ತು. ಫೋರ್ಮನ್ ಆದವನು ಊಟದ ಬಿಡುವಿನಲ್ಲಿ ಕುಳಿತು ಸಾಕ್ಷಿ ಎಂದಿರುವ ಕಡೆಯೆಲ್ಲ ಸಹಿ ಗೀಚಿ ಕಳಿಸುವುದು. ಆಮೇಲೆ ಬರಹಗಾರರು ಬಂದಾಗ ಸಾಕ್ಷಿ ಹುಡುಕುವ ತಾಪತ್ರಯವಿಲ್ಲ, ನನಗೂ ಕೆಲಸ ಬಿಟ್ಟು ಮೆಟ್ಟಿಲಿಳಿಯುವ ತಾಪತ್ರಯವಿಲ್ಲ. ಅದು ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಒಂದು ಅಕ್ಷರ ತಲೆಕೆಳಗಾದರೆ ಊಟ ಸೇರದ ಮನುಷ್ಯ ನಾನು.

ಹಾಗಿದ್ದರೆ ಅವಳ ಮುಂದೆ ಯಾಕೆ ಸುಳ್ಳು ಹೇಳಿದೆ? ನೋಡಿಲ್ಲ ಎಂದರೆ ಅಷ್ಟೂ ವರ್ಷದ ಸಹಿಗಳೆಲ್ಲ ಸುಳ್ಳಾಗುತ್ತಿದ್ದವು. ನನ್ನ ಮರ್ಯಾದೆ ನನಗೆ ದೊಡ್ಡದಾಯಿತು. ಮೇಷ್ಟ್ರು ಯಾವಾಗಲೋ ಬಂದು ಹಾಕಿರಬೇಕು ಬಿಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳು ಎದ್ದು ನಿಂತು ಕೇಳಿದಳು, “ಹಾಗಾದ್ರೆ ಅಪ್ಪ ನನಗೊಂದು ಮಾತೂ ಹೇಳ್ದೆ ಕೊಟ್ಟುಬಿಟ್ರಾ?” ಅವಳು ಆ ಮೂರು ಮಹಡಿ ಇಳಿದುಹೋದ ಸದ್ದನ್ನು ಬಾಗಿಲಲ್ಲಿ ನಿಂತು ಕೊನೆಯ ಮೆಟ್ಟಿಲಿನವರೆಗೂ ಕೇಳಿದೆ.

ಮರುವಾರ ಚಿಕ್ಕ ಯಜಮಾನರು ಕಾರು ಕಳಿಸಿದರು. ವಕೀಲರ ಆಫೀಸಿನಲ್ಲಿ ಅದೇ ಸುಳ್ಳನ್ನು ಬರವಣಿಗೆಯಲ್ಲಿ ಹೇಳಿಬಂದೆ. ಕಾಫಿ ಕೊಟ್ಟರು, ಬೆನ್ನು ತಟ್ಟಿದರು. ಸ್ವಲ್ಪ ದಿನಕ್ಕೆ ಸನ್ಮಾನದ ಪತ್ರ ಬಂತು. ನನ್ನ ಹೆಂಡತಿ ಓದಿ ನೋಡಿ, “ರಿಟೈರಾಗಿ ಹದಿನೆಂಟು ವರ್ಷ ಆಯ್ತು. ಒಂದು ದಿನ ಬದುಕಿದ್ದೀರಾ ಅಂತ ಕೇಳ್ದೋರಲ್ಲ. ಈಗ್ಯಾಕ್ರೀ ಇದ್ದಕ್ಕಿದ್ದ ಹಾಗೆ?” ಅಂದಳು. ಅವಳ ಮೇಲೆ ರೇಗಿದೆ. ನಿನಗೆ ಗಂಡನ ಬೆಲೆ ಗೊತ್ತಿಲ್ಲ ಎಂದೆ. ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಮೊನ್ನೆ ಮನೆಗೆ ಈ ಸ್ಮರಣ ಸಂಚಿಕೆ ಬಂತು. ನಿಮ್ಮೆಲ್ಲರ ಕೈಯಲ್ಲೂ ಇದೆ. ದಯವಿಟ್ಟು ಹತ್ತೊಂಬತ್ತನೆಯ ಪುಟ ತೆರೆಯಿರಿ. ತೆರೆಯಿರಿ, ನಾನು ಕಾಯುತ್ತೇನೆ. ನಿರ್ಮಾಪಕರೇ, ನೀವೂ ನೋಡಿ, ಗಡಿಯಾರ ಆಮೇಲೆ ನೋಡಿಕೊಳ್ಳಬಹುದು. ಹಕ್ಕು ನಮ್ಮದೇ ಎಂದು ಊರಿಗೆಲ್ಲ ತೋರಿಸಲು ಆ ಒಪ್ಪಂದವನ್ನು ಇಡೀ ಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಬಲು ಸ್ಪಷ್ಟವಾಗಿ ಬಂದಿದೆ. ಸುತ್ತಲೂ ಹೂವಿನ ಬಾರ್ಡರು ಕಾಣುತ್ತದೆಯೇ? ಬಲಗಡೆ ಮೇಲಿನ ಮೂಲೆಯ ಹೂವನ್ನು ನೋಡಿ. ಬೇರೆ ಹೂಗಳಿಗೆಲ್ಲ ಐದು ಎಸಳು, ಅದಕ್ಕೆ ನಾಲ್ಕೇ.

ಆ ಎಸಳು ಮುರಿದವನು ನಾನು. ಎಂದು ಮುರಿಯಿತೆಂದೂ ಗೊತ್ತು. ಮೂವತ್ತೊಂದು ವರ್ಷದ ಹಿಂದೆ ಮೇಷ್ಟ್ರು ತೀರಿಕೊಂಡಾಗ ಅವರ ನೆನಪಿಗೊಂದು ಪುಸ್ತಕ ಮಾಡೋಣ ಎಂದರು ದೊಡ್ಡ ಯಜಮಾನರು. “ನಮ್ಮ ಹತ್ರ ಇರೋ ಗೆರೆ ಬಾರ್ಡರು ಮೇಷ್ಟ್ರಿಗೆ ಸಾಲದು ಕಣೋ” ಎಂದು ಹೊಸ ಹೂವಿನ ಬಾರ್ಡರು ತರಿಸಿದರು. ಪೊಟ್ಟಣ ಬಿಚ್ಚಿದವನು ನಾನೇ. ಮೇಷ್ಟ್ರ ಹೆಸರಿನ ಸುತ್ತ ಅದನ್ನು ಜೋಡಿಸುವಾಗ ಕೈ ಜಾರಿ ಸೀಸದ ಒಂದು ತುಂಡು ನೆಲಕ್ಕೆ ಬಿದ್ದು ಎಸಳೊಂದು ಮುರಿಯಿತು. ಬದಲಿಗೆ ಬೇರೆ ತುಂಡು ಇರಲಿಲ್ಲ. ಅದನ್ನೇ ಮೂಲೆಗೆ ಸೇರಿಸಿ ಅತ್ತುಕೊಂಡು ಕೆಲಸ ಮುಗಿಸಿದೆ. ಇಗೋ ಆ ಪುಸ್ತಕ, ಚೀಲದಲ್ಲಿ ತಂದಿದ್ದೇನೆ, ಅಚ್ಚಾದ ತಾರೀಕು ಇಲ್ಲೇ ಇದೆ. ಆ ಬಾರ್ಡರನ್ನು ಒಪ್ಪಂದದ ಫಾರಮ್ಮಿಗೆ ಹಾಕಿದ್ದು ಅದರ ಮರುವರ್ಷ.

ಮೇಷ್ಟ್ರು ಸತ್ತದ್ದರಿಂದ ನಮ್ಮ ಅಚ್ಚುಮನೆಗೆ ಬಂದ ಬಾರ್ಡರು ಅದು. ಅದರೊಳಗೆ ಅವರು ಬದುಕಿದ್ದಾಗ ಹೇಗೆ ಸಹಿ ಹಾಕಿದರು? ಅಧ್ಯಕ್ಷರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಹೇಗೆ ಹಾಕಿದರು?

ಚೀಟಿ ಬಂತು. ‘ಸಾಕು ಮುಗಿಸಿ’ ಎಂದಿದೆ. ತಪ್ಪೇನಿಲ್ಲ, ಸರಿಯಾಗಿಯೇ ಬರೆದಿದ್ದೀರಿ.

ಆ ಸಹಿ ಯಾರು ಹಾಕಿದರೆಂದು ನಾನು ಹೇಳುವುದಿಲ್ಲ, ಯಾಕೆಂದರೆ ನೋಡಿಲ್ಲ. ನೋಡದ್ದಕ್ಕೆಲ್ಲ ಸಾಕ್ಷಿಯಾಗಿ ಸಾಕಾಗಿದೆ ನನಗೆ. ಸೋಮವಾರ ಕೋರ್ಟಿಗೆ ಕರೆದಿದ್ದಾರೆ. ನಾನು ಬರೆದುಕೊಟ್ಟದ್ದು ಸುಳ್ಳು, ಖಾಲಿ ಫಾರಮ್ಮಿಗೆ ಸಹಿ ಹಾಕಿದವನು ನಾನು ಎಂದು ಹೇಳುತ್ತೇನೆ. ನನಗೆ ಶಿಕ್ಷೆಯಾದರೆ ಆಗಲಿ, ಎಪ್ಪತ್ತೆಂಟು ವರ್ಷ ಆಗಿದೆ, ಎಷ್ಟು ದಿನ ಅಂತ ಇಟ್ಟುಕೊಳ್ಳುತ್ತಾರೆ. ಈ ಸನ್ಮಾನದ ಫಲಕವನ್ನು ಮೇಜಿನ ಮೇಲೇ ಬಿಟ್ಟುಹೋಗುತ್ತೇನೆ. ನಿಮಗೆ ಹೊಟ್ಟೆ ಉರಿಯುತ್ತಿರಬಹುದು ಚಿಕ್ಕ ಯಜಮಾನರೇ. ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ನನ್ನ ಮೇಲೆಯೇ ಇದೆ.

ಈ ಕಾರ್ಯಕ್ರಮವನ್ನು ಫೋನಿನಲ್ಲೂ ನೇರವಾಗಿ ತೋರಿಸುತ್ತಿದ್ದಾರಂತೆ. ಏಳು ತಿಂಗಳಿಂದ ಮೇಷ್ಟ್ರ ಮಗಳು ನನ್ನ ಫೋನ್ ಎತ್ತುತ್ತಿಲ್ಲ, ಎತ್ತಬೇಕಾಗಿಯೂ ಇಲ್ಲ. ಕ್ಯಾಮೆರಾದವರೇ, ಅವರು ಸನ್ನೆ ಮಾಡಿದರೆಂದು ಆರಿಸಬೇಡಿ, ಇನ್ನೊಂದೇ ಮಾತು.

ಕೇಳಿಸಿಕೊಂಡ ನಿಮ್ಮೆಲ್ಲರಿಗೂ ನಾನು ಋಣಿ. ಮಗಳೇ, ನಿಮ್ಮಪ್ಪ ಕೊಡಲಿಲ್ಲ. ನಮಸ್ಕಾರ.