ಸಮಾಧಿಯ ಪಕ್ಕದ ಹುಳ

ಮಳೆ ಹಿಡಿದಿದ್ದರಿಂದ ಆ ಸಂಜೆ ಚೀನಾದ ಗುವಾನ್‌ಯುನ್‌ನ ಸೋಯಾ ಹೊಲಗಳಿಗೆ ಯಾರೂ ಇಳಿಯಲಿಲ್ಲ. ಬೆಳಗ್ಗೆ ಎಲೆಗಳಿಂದ ಆರಿಸಿ ತಂದಿದ್ದ, ಮುಂದೆ ಗಿಡುಗ ಪತಂಗಗಳಾಗುವ ಹಸಿರು ಹುಳಗಳನ್ನು ನೀರಿನ ಬೋಗುಣಿಯಲ್ಲಿಟ್ಟುಕೊಂಡು ಹೆಂಗಸರು ಮಿಯಾವೊ ಅಜ್ಜಿಯ ಅಡುಗೆಮನೆಯಲ್ಲಿ ಸೇರಿದ್ದರು. ತಲೆಯಿಂದ ಬಾಲದ ಕೊಂಬಿನವರೆಗೆ ಲಟ್ಟಣಿಗೆ ಒತ್ತಿದರೆ ತಿರುಳು ಹೊರಬರುತ್ತದೆ, ಸಾರಿಗೆ ಅದೇ. ಅಜ್ಜಿಯ ಮೊಮ್ಮಗನ ಹೊಸ ಹೆಂಡತಿ ಚುನ್‌ಹೆ ಮಾತ್ರ ಪ್ರತಿ ಹುಳವನ್ನೂ ತಿರುಗಿಸಿ ನೋಡುತ್ತಿದ್ದಳು.

"ವರ ನೋಡ್ತಿದೀಯೇನೆ? ಒತ್ತು," ಎಂದಳು ಅಜ್ಜಿ.

"ಹೊಲದ ನಡುವಿನ ಸಮಾಧಿ ಪಕ್ಕದ್ದು ಇದರಲ್ಲಿ ಸೇರಿಲ್ಲ ತಾನೆ ಅಜ್ಜಿ?"

"ಇಲ್ಲ. ಯಾಕೆ ಸೇರಿಸಲ್ಲ ಗೊತ್ತಾ? ಕೇಳಿ ಎಲ್ಲರೂ... ಒಂದು ಚಳಿಗಾಲ, ನೆಲ ಕಲ್ಲಾಗಿತ್ತು. ಗೆನ್‌ಶೆಂಗ್ ಅಂತ ಒಬ್ಬ, ಚಳಿಗೆ ಮಣ್ಣೊಳಗೆ ಇಳಿದ ಹುಳ ಅಗೆಯೋದ್ರಲ್ಲಿ ಅವನನ್ನ ಮೀರಿಸೋರಿರಲಿಲ್ಲ. ಹೆಂಡತಿ ಹೆತ್ತು ಹತ್ತು ದಿನ, ಎದೆಯಲ್ಲಿ ಹಾಲಿಲ್ಲ, ಕೂಸು ಅತ್ತೂ ಅತ್ತೂ ಈಗ ಅಳೋದನ್ನೂ ಬಿಟ್ಟಿತ್ತು. ಚಳಿಗಾಲದ ಹುಳದ ಸಾರು ಕುಡಿಸಿದ್ರೆ ಹಾಲು ಇಳಿಯುತ್ತೆ ಅಂತ ನಂಬಿದೋರಲ್ವಾ ನಾವು? ಆದರೆ ಹೊಲವನ್ನೆಲ್ಲ ಆಗಲೇ ಅಗೆದು ಮುಗಿಸಿದ್ರು. ಉಳಿದಿದ್ದು ಒಂದೇ ಜಾಗ... ಹೊಲದ ನಡುವೆ ಅವನ ತಾಯಿನ ಹೂತ ಗುಡ್ಡೆ. ಅದರ ಸುತ್ತ ಮೂರು ಹೆಜ್ಜೆ ಯಾರೂ ಗುದ್ದಲಿ ಹಾಕಲ್ಲ. ಅವನು ಹಾಕಿದ. ಕೂಸು ಸಾಯ್ತಿರುವಾಗ ಹೆಜ್ಜೆ ಎಣಿಸ್ತಾರಾ?

"ಹುಳ ಮಣ್ಣೊಳಗೆ ಕೋಣೆ ಮಾಡ್ಕೊಳ್ಳುತ್ತೆ ನೋಡಿ, ತನ್ನ ಮೈಯಳತೆಗೆ ಸರಿಯಾಗಿ, ಸಾರಿಸಿದ ಗೋಡೆ ಹಾಗೆ ನುಣ್ಣಗೆ. ಅಂಥ ನಲವತ್ತು ಕೋಣೆ ಒಡೆದ. ಸಾರಾಯ್ತು, ಹಾಲು ಬಂತು, ಕೂಸು ಉಳೀತು.

"ಬೇಸಿಗೇಲಿ ಒಂದು ದೊಡ್ಡ ಪತಂಗ ಬರೋಕೆ ಶುರುವಾಯ್ತು. ದಿನಾ ಮುಸ್ಸಂಜೆ ತೊಟ್ಟಿಲ ಮೇಲೆ, ರೆಕ್ಕೆ ಕಣ್ಣಿಗೆ ಕಾಣದಷ್ಟು ಬೇಗ ಬಡೀತಾ, ಗಾಳಿಯಲ್ಲಿ ನಿಂತು, ಕೂಸಿನ ತಲೆಯಿಂದ ಪಾದದವರೆಗೆ ಮೆಲ್ಲಗೆ ಸರಿಯೋದು. 'ಅತ್ತೆ ಮೊಮ್ಮಗಳನ್ನ ನೋಡೋಕೆ ಬಂದಿದಾರೆ ಬಿಡಿ' ಅಂದ್ಲು ಹೆಂಡತಿ. ನೋಡೋಕೋ... ಅಳೆಯೋಕೋ?

"ಮುಂದಿನ ವಸಂತದಲ್ಲಿ, ಸಮಾಧಿಗೆ ಹೊಸ ಮಣ್ಣೇರಿಸೋ ಚಿಂಗ್‌ಮಿಂಗ್ ದಿನ, ಗೆನ್‌ಶೆಂಗ್ ಹೋಗಿ ನೋಡ್ತಾನೆ, ತಾನು ಅಗೆದಿದ್ದ ಕಡೆ ನೆಲ ಕುಸಿದಿದೆ. ಒಳಗೊಂದು ಕೋಣೆ. ಗೋಡೆ ನುಣ್ಣಗೆ... ಒಂದು ಮಗು ಮಲಗುವಷ್ಟು. ಮಣ್ಣು ತುಂಬಿಸಿ ಬಂದ. ಮರುವರ್ಷ ಮತ್ತೆ ಇತ್ತು, ನಾಲ್ಕು ಬೆರಳು ಉದ್ದವಾಗಿ. ಮಗಳೂ ನಾಲ್ಕು ಬೆರಳು ಬೆಳೆದಿದ್ಲು."

ಚುನ್‌ಹೆಯ ಲಟ್ಟಣಿಗೆ ನಿಂತಿತು. "ಆ ಮಗು ಏನಾಯ್ತು ಅಜ್ಜಿ?"

"ಏನಾಗುತ್ತೆ? ಎಪ್ಪತ್ತೊಂಬತ್ತಾದರೂ ಗಟ್ಟಿಯಾಗಿ ಕೂತು ನಿಮಗೆ ಕತೆ ಹೇಳ್ತಿದೆ. ಅಪ್ಪ ತುಂಬಿಸಿದ, ಆಮೇಲೆ ನನ್ನ ಗಂಡ ತುಂಬಿಸಿದ, ಈಗ ನಿನ್ನ ಗಂಡ ತುಂಬಿಸ್ತಾನೆ. ಈ ವರ್ಷ ಕೋಣೆ ಸ್ವಲ್ಪ ಚಿಕ್ಕದಾಗಿತ್ತಂತೆ..."

ಅಜ್ಜಿ ನೆಟ್ಟಗೆ ಕೂರಲು ನೋಡಿದಳು, ಆಗಲಿಲ್ಲ.

"ನನ್ನ ಬೆನ್ನು ಬಾಗಿದ್ದು ಮಣ್ಣೊಳಗಿರೋ ಆಕೆಗೂ ಗೊತ್ತಾಗಿದೆ."