ಮೂರನೇ ಅಧ್ಯಾಯ

ವಿಶ್ವವಿದ್ಯಾಲಯದಲ್ಲಿ ನನ್ನ ಅಂಕಪಟ್ಟಿಗಾಗಿ ಕಾಯುತ್ತ ಕೂತಿದ್ದೆ. ಎದುರಿನ ಬಾಗಿಲಿಗೆ ‘ಜನಾಂಗ ಅಧ್ಯಯನ: ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನ’ ಎಂಬ ಚೀಟಿ ಅಂಟಿಸಿದ್ದರು. ಪಕ್ಕದ ಬೆಂಚಿನಲ್ಲಿ ತಾನು ಬರೆದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ ಅಭ್ಯರ್ಥಿ; ಅವಳ ಜೊತೆಗೆ ಬಂದಿದ್ದ, ದೋಣಿ ನಡೆಸುವವರ ಮನೆಯ ಅಜ್ಜಿ.

“ಮೂರನೇ ಅಧ್ಯಾಯ ತಪ್ಪು ಅಂತ ಒಳಗೆ ಹೋದ ತಕ್ಷಣ ಹೇಳ್ತೀನಿ, ಅಜ್ಜಿ.”

“ಯಾರು ಕೇಳಿದ್ರು ನಿನ್ನ?”

“ಯಾರೂ ಕೇಳಲ್ಲ. ಅದಕ್ಕೇ ಹೇಳ್ಬೇಕು.”

“ಆ ಪುಸ್ತಕ ನೋಡೇ ಅಲ್ವಾ ನಿನ್ನ ಕರೆದಿರೋದು?”

“ಹೌದು. ದೋಣಿಯವರಲ್ಲಿ ಅಳಿಯ ಮಾವನ ಹತ್ರ ಮೂರು ವರ್ಷ ಮಾತಾಡೋ ಹಾಗಿಲ್ಲ ಅಂತ ನಲವತ್ತು ಪುಟ ಬರೆದಿದೀನಿ.”

“ಮನೆ ಜಗಳಾನ ಹೊರಗಿನವಳಿಗೆ ಹೇಗೆ ಹೇಳ್ಲಿ? ನಮ್ಮಲ್ಲಿ ಹಾಗೇ ಪದ್ಧತಿ ಅಂದ್ಬಿಟ್ಟೆ. ಅಳಿಯ ಅನ್ನಿಸ್ಕೊಂಡವನು ನನ್ನ ಗಂಡನ ದೋಣೀನ ಬಂಡೆಗೆ ಗುದ್ದಿಸಿದ್ದ. ಇಬ್ರೂ ಮಾತು ಬಿಟ್ಟಿದ್ರು, ಅಷ್ಟೇ.”

“ಇನ್ನೊಂದು ಮನೇಲಿ ವಿಚಾರಿಸದೆ ಬರೆದಿದ್ದು ನನ್ನ ತಪ್ಪು.”

“ಮೊನ್ನೆ ನಾನು ನಿನ್ನ ಹತ್ರ ನಿಜ ಬಾಯಿ ಬಿಡಬಾರದಿತ್ತು. ಕೆಲಸ ಸಿಕ್ಕಿದ ಮೇಲೆ ಹೇಳು, ಮಗಳೇ.”

“ಆಮೇಲೆ ಹೇಳೋಕೆ ನನಗೆ ಬಾಯಿ ಬರಲ್ಲ.”

ಜವಾನ ಬಾಗಿಲು ತೆಗೆದು ಅಭ್ಯರ್ಥಿಯನ್ನು ಕರೆದ. ಅವಳು ಎದ್ದಳು. ಕೋಲು ಊರಿಕೊಂಡು ಅಜ್ಜಿಯೂ ಎದ್ದಳು.

“ಒಬ್ಬರೇ ಬರಬೇಕು,” ಎಂದ ಜವಾನ.

“ಆ ಅಧ್ಯಾಯ ಹೇಳಿದವಳು ನಾನು, ಬರೆದವಳು ಇವಳು. ಬೈಯೋದಾದ್ರೆ ಇಬ್ರನ್ನೂ ಬೈಲಿ,” ಎಂದು ಅಜ್ಜಿ ಅವನನ್ನು ದಾಟಿ ಅವಳಿಗಿಂತ ಮುಂಚೆ ಒಳಗೆ ನಡೆದಳು.