ಚನ್ನಾಜಮ್ಮನವರ ಹಂಡೆ ನೀರು

ಎಲ್ಲರಿಗೂ ನಮಸ್ಕಾರ. ಚನ್ನಾಜಮ್ಮನವರ ಮಗಳು ಶ್ವೇತ ಅವರಿಗೆ, ಅಳಿಯಂದಿರಿಗೆ, ತಿ. ನರಸೀಪುರದಿಂದ ಬಂದಿರುವ ತವರಿನವರಿಗೆ, ನಂಜನಗೂಡಿನ ನಮ್ಮ ಬೀದಿಯ ತಾಯಂದಿರಿಗೆ, ಹಿಂದೆ ಗೋಡೆಗೆ ಒರಗಿ ನಿಂತಿರೋರಿಗೂ — ಮುಂದೆ ಕುರ್ಚಿ ಖಾಲಿ ಇದೆ, ಬನ್ನಿ. ಇಂಥ ಸಂತಾಪದ ಸಭೆಯಲ್ಲಿ ಮುಂದೆ ಕೂರೋಕೆ ಯಾಕೋ ಯಾರಿಗೂ ಮನಸ್ಸಾಗಲ್ಲ.

ನಾನು ಮರಿಸ್ವಾಮಿ. ಪೈಪು, ನಲ್ಲಿ, ಡ್ರಮ್ಮು ಮಾರೋ ಅಂಗಡಿಯವನು. ಸಂತೆಯಲ್ಲಿ ಗೋಣಿಚೀಲದ ಮೇಲೆ ವಾಷರ್ ಹರಡಿಕೊಂಡು ಕೂತು ಶುರುಮಾಡಿದೋನು. ಚನ್ನಾಜಮ್ಮನವರು ಅಂಗನವಾಡಿಯಿಂದ ನಿವೃತ್ತರಾದ ಮೇಲೆ ನಮ್ಮ ಬೀದಿಯ ನೀರು ಸಮಿತಿಗೆ ಅಧ್ಯಕ್ಷರಾದರು, ನನ್ನನ್ನು ಕಾರ್ಯದರ್ಶಿ ಮಾಡಿದರು. ಜೋಡಿ ನೋಡಿ ಎಂಥದು — ನಾನು ನಲ್ಲಿ ಮಾರೋನು, ಅವರು ನಲ್ಲಿ ನಿಲ್ಲಿಸೋರು.

ಸಂಜೆ ನನ್ನ ಅಂಗಡಿಯ ಸ್ಟೂಲ್ ಮೇಲೆ ಬಂದು ಕೂರೋರು. ಗಿರಾಕಿ ಬಂದು, "ನಲ್ಲಿ ಸೋರ್ತದೆ, ಹೊಸದು ಕೊಡಿ" ಅಂದರೆ, ನಾನು ಬಾಯಿ ತೆಗೆಯೋ ಮೊದಲೇ, "ವಾಷರ್ ಹಾಕ್ಸಪ್ಪ, ಸಾಕು. ಮರೀ, ಒಂದು ವಾಷರ್ ಕೊಡು." ಗಿರಾಕಿ ಹೋದ ಮೇಲೆ ನಾನು ಅನ್ನುತ್ತಿದ್ದೆ — "ಅಮ್ಮಾ, ನೀವು ಎದುರುಗಡೆ ಅಂಗಡೀಲಿ ಹೋಗಿ ಕೂತ್ಕೊಂಡ್ರೆ ನಾನು ಉದ್ಧಾರ ಆಯ್ತೀನಿ." ನಗೋರು. ಮಾರನೇ ದಿನ ಮತ್ತೆ ಅದೇ ಸ್ಟೂಲು.

ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ. ನೀರು ಬರೋ ದಿನ ಬೆಳಿಗ್ಗೆ ಮೊದಲ ಕೆಲಸ ಏನು? ಹಂಡೆ, ಕೊಡ, ಬಕೆಟ್ಟು — ಇದ್ದದ್ದನ್ನೆಲ್ಲ ಚರಂಡಿಗೆ ಚೆಲ್ಲೋದು. ಯಾಕೆ? ಅದು ಹಳೇ ನೀರು! ಒಂದು ಸಲ ವೆಂಕಟಮ್ಮನವರು ಹೀಗೆ ಹಂಡೆ ಬಗ್ಗಿಸ್ತಾ ಇದ್ದರು. ಅವರು ಬಾಗಿಲ ಹತ್ತಿರ ಕೂತಿದ್ದಾರೆ, ಹೇಳು ಅಂತ ಅವರೇ ಅಂದಿದ್ದಾರೆ, ಅದಕ್ಕೆ ಹೇಳ್ತೀನಿ. ಚನ್ನಾಜಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದರು — "ಏನವ್ವ ಚೆಲ್ತಿದ್ದೀಯಾ?"

"ಅಳೇ ನೀರು ಕಣಕ್ಕಾ, ಮೊನ್ನೇದು."

"ಹೊಳೇಲಿರೋದು ಯಾವತ್ತಿನದು?"

ವೆಂಕಟಮ್ಮ ಬಿಡ್ತಾರಾ? "ಒಳೆ ಅರೀತದೆ ಕಣಕ್ಕಾ. ಅಂಡೆ ಅರೀತದಾ?"

"ಹರೀತದಲ್ಲ ನೋಡು, ಚರಂಡಿ ತುಂಬಾ!"

ಬೀದಿಗೆ ಬೀದಿಯೇ ನಕ್ಕಿತು. ಅವತ್ತಿನಿಂದ ವೆಂಕಟಮ್ಮನವರ ಹಳೇ ನೀರು ಪಾತ್ರೆ ತೊಳೆಯೋಕೆ, ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ. ನಿಧಾನಕ್ಕೆ ಎಲ್ಲರ ಮನೇಲೂ ಹಾಗೇ ಆಯಿತು. ಎಂಥಾ ಬೇಸಿಗೇಲೂ ನಮ್ಮ ಬೀದಿಗೆ ಟ್ಯಾಂಕರ್ ಬರಲಿಲ್ಲ. ಅದೊಂದು ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬ ಇತ್ತು. ಇರಲಿ — ಸಂಪಾದಿಸಿದ ಜಂಬ ಅದು.

ಇನ್ನು ಹೇಳಬೇಕಾದ್ದನ್ನು ಹೇಳೋಕೆ ನನಗೆ ಕಷ್ಟ ಆಗ್ತಿದೆ. ಆದರೂ ಹೇಳ್ತೀನಿ.

ಹೋದ ವಾರ ದೊಡ್ಡ ಪೈಪು ಬಿರುಕು ಬಿಟ್ಟಿದೆ, ನಾಳೆಯಿಂದ ರಿಪೇರಿ ಮುಗಿಯೋವರೆಗೂ ನೀರಿಲ್ಲ ಅಂತ ಸುದ್ದಿ ಬಂತು. ಚನ್ನಾಜಮ್ಮ ಮನೆಮನೆಗೂ ಹೋಗಿ, "ಇವತ್ತೇ ತುಂಬಿಟ್ಕೊಳ್ಳಿ, ಹಿಡಿದು ಬಳಸಿ" ಅಂತ ಹೇಳಿ ಬಂದರು. ಎಲ್ಲರೂ ತುಂಬಿಟ್ಟುಕೊಂಡರು. ಎರಡನೇ ದಿನ ಬೆಳಿಗ್ಗೆ ಕಾಫಿಗೆ ಅಂತ ಶ್ವೇತ ಎಬ್ಬಿಸೋಕೆ ಹೋದರೆ — ಅವರು ಏಳಲಿಲ್ಲ.

ನಾನು ಹಾರ ಹಿಡಿದುಕೊಂಡು ಬಂದೆ. ಬೀದಿ ತಿರುಗಿದ ಕೂಡಲೇ ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ಚರಂಡಿ ತುಂಬಿ ಹರೀತಿತ್ತು. ನಲ್ಲಿಯಲ್ಲಿ ಒಂದು ತೊಟ್ಟಿಲ್ಲ, ಚರಂಡಿ ತುಂಬಾ ನೀರು! ನಾನು ವ್ಯಾಪಾರಸ್ಥ, ನನಗೆ ಲೆಕ್ಕ ತಕ್ಷಣ ಹತ್ತಿತು. ಸಾವಿನ ಮನೆ ನೀರು ಮೈಲಿಗೆ ಅಂತ ಅವರ ಹಂಡೆ ಬಗ್ಗಿಸಿದ್ದರು, ಅಕ್ಕಪಕ್ಕದವರು ತಮ್ಮ ಹಂಡೆ ಬಗ್ಗಿಸಿದ್ದರು, ಅವರನ್ನು ನೋಡಿ ಎದುರಿನವರೂ ಬಗ್ಗಿಸಿದ್ದರು.

ನಮ್ಮಲ್ಲಿ ಸೂತಕ ಇಲ್ಲ ಅಂತ ಮಠದಲ್ಲಿ ಕೂತು ತಲೆಯಾಡಿಸಿ ಬರೋ ಜನ ನಾವು. ಇಲ್ಲ — ಸೂತಕ ಇಲ್ಲ. ಆದರೆ ಹಂಡೆಯಲ್ಲಿ ನೀರೂ ಇರಲ್ಲ.

ಚನ್ನಾಜಮ್ಮ ಮಗಳಿಗೆ ಮೊದಲೇ ಹೇಳಿದ್ದರಂತೆ — "ನಾನು ಹೋದ ದಿನ ನೀರು ಚೆಲ್ಲಬೇಡಿ ಮಗಾ. ಮನೇಲಿರೋ ನೀರಲ್ಲೇ ನನ್ನ ಮೈ ತೊಳೀರಿ." ಶ್ವೇತ ಹಂಡೆಯನ್ನು ತಬ್ಬಿ ಹಿಡಿದುಕೊಂಡರಂತೆ. "ಬಿಡು ಮಗಾ, ದುಃಖದಲ್ಲಿ ಏನೇನೋ ಮಾತಾಡ್ತಿದ್ದೀಯ" ಅಂತ ಹಿರಿಯರು ಕೈ ಬಿಡಿಸಿದರಂತೆ. ದುಃಖದಲ್ಲಿ ಸರಿಯಾಗಿ ಮಾತಾಡಿದ್ದು ಆಕೆ ಒಬ್ಬಳೇ.

ಆಮೇಲೆ ಮೈ ತೊಳೆಯೋ ಹೊತ್ತು ಬಂತು. ನೀರು ಎಲ್ಲಿ? ಈ ಮನೇಲಿ ಇಲ್ಲ, ಆ ಮನೇಲಿ ಇಲ್ಲ. ಕೊನೆಗೆ ಟ್ಯಾಂಕರ್ ತರಿಸಿದೆವು — ಬೋರ್‌ವೆಲ್ ನೀರು, ಸೋಪು ಹಚ್ಚಿದರೆ ನೊರೆ ಬರದಂಥ ಉಪ್ಪು ನೀರು. ಕಪಿಲೆ ಕಾವೇರಿ ಕೂಡೋ ಊರಲ್ಲಿ ಹುಟ್ಟಿದ ಹೆಣ್ಣುಮಗಳು, ಕಪಿಲೆ ದಡದ ಊರಿಗೆ ಸೊಸೆಯಾಗಿ ಬಂದವರು — ಅವರಿಗೆ ಕೊನೆ ಸ್ನಾನ ಟ್ಯಾಂಕರ್ ನೀರಲ್ಲಿ. ಅವರು ಇರೋವರೆಗೂ ಬೀದಿಗೆ ಬರದ ಟ್ಯಾಂಕರ್, ಮೊದಲ ಸಲ ಬಂದದ್ದು ಅವರಿಗೋಸ್ಕರ.

ಯಾರನ್ನೂ ಬೈಯೋಕೆ ಇದನ್ನು ಹೇಳ್ತಾ ಇಲ್ಲ. ಚೆಲ್ಲಿದವರೆಲ್ಲ ಅಳ್ತಾ ಅಳ್ತಾನೇ ಚೆಲ್ಲಿದ್ದಾರೆ. ಗೌರವ ಅಂದುಕೊಂಡೇ ಚೆಲ್ಲಿದ್ದಾರೆ. ಅದೇ ನನಗೆ ಸಂಕಟ. ದ್ವೇಷದಿಂದ ಮಾಡಿದ್ದರೆ ಜಗಳ ಆಡಬಹುದಿತ್ತು.

ಶ್ವೇತ ಈಗಲೂ, "ನಾನು ಗಟ್ಟಿಯಾಗಿ ಹಿಡ್ಕೋಬೇಕಿತ್ತು ಅಂಕಲ್" ಅಂತಾಳೆ. ಇಲ್ಲ ತಾಯಿ. ನಿನ್ನ ಕೈಗೆ ನಮ್ಮ ಕೈ ಸೇರಬೇಕಿತ್ತು.

ನಾವೆಲ್ಲರೂ ಒಂದು ದಿನ ಹೋಗೋರೇ. ಇವತ್ತು ಮನೆಗೆ ಹೋದ ಮೇಲೆ ಹೇಳಿಬಿಡಿ — ನನ್ನ ಸಾವಿಗೆ ಹಂಡೆ ಮುಟ್ಟಬೇಡಿ ಅಂತ. ಒಬ್ಬರಿಗೆ ಹೇಳಿದರೆ ಸಾಲದು, ಎಲ್ಲರ ಕಿವಿಗೂ ಬೀಳೋ ಹಾಗೆ ಹೇಳಿ. ನಾನು ಹೇಳಿದ್ದಾಯಿತು. ನಮ್ಮನೆಯವರು, "ಮೊದಲು ಡ್ರಮ್ಮಿಗೆ ಮುಚ್ಚಳ ಹಾಕಿ ಬತ್ತೀನಿ, ಆಮೇಲೆ ಅಳ್ತೀನಿ, ಆಯ್ತಾ?" ಅಂದರು. ಆಯ್ತು ಅಂದೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಚನ್ನಾಜಮ್ಮನವರಿಗಾಗಿ ಒಂದು ನಿಮಿಷ ಮೌನವಾಗಿರೋಣ —

ಒಂದ್ ನಿಮಿಷ, ತಡೀರಿ. ಹೊರಗೆ ಕೈ ತೊಳೆಯೋ ಹತ್ತಿರ ನಲ್ಲಿ ತೊಟ್ಟಿಕ್ತಾ ಇದೆ. ನನಗೆ ಆಗಿನಿಂದ ಕೇಳಿಸ್ತಿತ್ತು. ವೆಂಕಟಮ್ಮನವರೇ, ನೀವೇ ಹತ್ತಿರ ಇದ್ದೀರಿ, ಸ್ವಲ್ಪ ಬಿಗಿ ಮಾಡಿ ಬನ್ನಿ. ಅವರು ಬರಲಿ, ಕಾಯೋಣ.

ನಿಂತಿತಾ?

— ಈಗ ಮೌನ.